ಕುಂಬಳಕಾಯಿ ಒಡೆಯುವ ಅರ್ಹತೆ

ನಾಯಕತ್ವವೆಂಬುದು ಮನುಷ್ಯರ ಸೊಂಟದಲ್ಲಿದೆ ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಚಿಕ್ಕಬಳ್ಳಾಪುರದ ಒಂದು ಹೋಟೆಲಿನ ಮಹಡಿ ಹಾಲಿನಲ್ಲಿ ನಮ್ಮ ಕಾರ್ಖಾನೆಯ ಹತ್ತು ಹನ್ನೆರಡು ಹೆಂಗಸರಿಗೆ ತರಬೇತಿ ಇಟ್ಟಿದ್ದರು. ಬೆಂಗಳೂರಿನಿಂದ ಬಂದಿದ್ದ ಹುಡುಗಿ, ನನ್ನ ಮಗಳಿಗೆ ಅಕ್ಕನಾಗಬಹುದಾದ ವಯಸ್ಸಿನವಳು, ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಾಲು ಅಗಲಿಸಿ, ಎರಡೂ ಕೈ ಸೊಂಟದ ಮೇಲಿಟ್ಟು, ಗದ್ದ ಎತ್ತಿ ನಿಲ್ಲಿ ಅಂದಳು. ಹೀಗೆ ಸ್ವಲ್ಪ ಹೊತ್ತು ನಿಂತರೆ ಒಳಗಿನಿಂದ ನಾಯಕಿ ಎದ್ದು ಬರುತ್ತಾಳಂತೆ. ನಮ್ಮ ಕಡೆ ಹೆಂಗಸು ಹೀಗೆ ನಿಂತಳು ಅಂದರೆ ಬೀದಿ ನಲ್ಲಿಯ ಹತ್ತಿರ ಯಾರದೋ ಕೊಡ ಉರುಳಿದೆ ಅಂತ ಅರ್ಥ. ನನ್ನ ಪಕ್ಕದಲ್ಲಿ ನಿಂತಿದ್ದವಳು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಟೈಲರ್. ಆಂಧ್ರದ ಗಡಿಯ ಹಳ್ಳಿಯವಳು. ಅವಳನ್ನು ನಾವೆಲ್ಲ ದೊಡ್ಡಮ್ಮ ಅನ್ನುತ್ತಿದ್ದೆವು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡೇ, “ಯಾರ ಮೇಲೆ ಜಗಳಾನೋ ಮೊದ್ಲು ಹೇಳ್ಬಿಡಮ್ಮಾ, ಆಮೇಲೆ ನಿಂತ್ಕೊಂತೀವಿ” ಅಂದಳು. ಹುಡುಗಿ ನಕ್ಕು, ಅದನ್ನೂ ಬೋರ್ಡಿನ ಮೇಲೆ ಒಂದು ಒಳ್ಳೆಯ ಪ್ರಶ್ನೆ ಅಂತ ಬರೆದಳು.

ಈ ತರಬೇತಿ ನಮ್ಮ ಮೇಲೆ ಇದ್ದಕ್ಕಿದ್ದಂತೆ ಉಕ್ಕಿದ ಪ್ರೀತಿಯಿಂದ ಬಂದದ್ದಲ್ಲ. ಗೌರಿಬಿದನೂರಿನ ಆಚೆ ಇರುವ ನಮ್ಮ ಗಾರ್ಮೆಂಟ್ಸಿನಲ್ಲಿ ಮುನ್ನೂರು ಹೆಂಗಸರು ಹೊಲಿಯುತ್ತಾರೆ. ಅವರು ಹೊಲಿಯುವುದನ್ನು ನೋಡಿಕೊಂಡು ನಿಲ್ಲಲು ಏಳೆಂಟು ಗಂಡಸರಿದ್ದಾರೆ. ಹೊರದೇಶದಿಂದ ಬಟ್ಟೆ ಕೊಳ್ಳುವ ಬೈಯರ್ ಕಡೆಯವರು ಒಮ್ಮೆ ಬಂದು ಕಾರ್ಖಾನೆಯೆಲ್ಲ ಸುತ್ತಿ, ಕೆಲಸ ಮಾಡುವವರೆಲ್ಲ ಹೆಂಗಸರು, ಮೇಲಿನ ಕುರ್ಚಿಯಲ್ಲಿ ಮಾತ್ರ ಒಬ್ಬಳೂ ಇಲ್ಲವಲ್ಲ ಅಂತ ಕೇಳಿದರಂತೆ. ನಾವೂ ವರ್ಷಗಟ್ಟಲೆ ಅದನ್ನೇ ಕೇಳುತ್ತಿದ್ದೆವು. ಆದರೆ ಕನ್ನಡದಲ್ಲಿ ಕೇಳುತ್ತಿದ್ದೆವು, ಹಾಗಾಗಿ ಮಾಲೀಕರಿಗೆ ಕೇಳಿಸಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಿಸಿದ ಮರುವಾರವೇ ಹೋಟೆಲ್ ಹಾಲ್, ಬೋಂಡ, ಕಾಫಿ, ಸೊಂಟ ಎಲ್ಲ ಸಿದ್ಧವಾದವು.

ನನ್ನ ತವರು ಮಂಡಿಕಲ್ ಹತ್ತಿರದ ಹಳ್ಳಿ. ಮದುವೆಯಾಗಿ ಗೌರಿಬಿದನೂರಿಗೆ ಬಂದವಳು ದಾರ ಕತ್ತರಿಸುವ ಹೆಲ್ಪರಾಗಿ ಸೇರಿ, ಟೈಲರಾಗಿ, ಚೆಕಿಂಗ್ ಮಾಡಿ, ಕೊನೆಗೆ ಸೂಪರ್‌ವೈಸರ್ ಆಗಿದ್ದೆ. ತರಬೇತಿ ಮುಗಿದ ಹೊಸದರಲ್ಲೇ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಹೆಚ್ಚು ಸಂಬಳಕ್ಕೆ ಬೇರೆ ಕಂಪನಿಗೆ ಹಾರಿದ. ಮಾಲೀಕರು ನನ್ನನ್ನು ಕರೆದು, “ಸದ್ಯಕ್ಕೆ ನೀವೇ ನೋಡ್ಕೊಳ್ಳಿ ಮೇಡಂ, ಇನ್‌ಚಾರ್ಜ್ ಆಗಿ. ಮ್ಯಾನೇಜರ್ ಯಾರು ಅನ್ನೋದನ್ನ ದಸರಾ ಆದ್ಮೇಲೆ ತೀರ್ಮಾನ ಮಾಡಣ” ಅಂದರು.

ಇನ್‌ಚಾರ್ಜ್ ಅಂದರೇನು ಎಂದು ತಿಳಿಯದ ಪುಣ್ಯವಂತರಿಗಾಗಿ ಹೇಳುತ್ತೇನೆ. ಬಟ್ಟೆ ತಡವಾಗಿ ಹೋದರೆ ಬೈಸಿಕೊಳ್ಳುವವಳು ನೀವು. ಹೇಳಿದ ದಿನಕ್ಕೆ ಹೋದರೆ ಅದು ಎಲ್ಲರ ಒಗ್ಗಟ್ಟು. ಮ್ಯಾನೇಜರ್ ರೂಮಿನ ಬೀಗದ ಕೈ ನಿಮ್ಮ ಹತ್ತಿರ ಇರುತ್ತದೆ, ಬಾಗಿಲಿನ ಮೇಲೆ ಹೋದವನ ಹೆಸರು ಇರುತ್ತದೆ. ಯಾರೋ ಹೊಸಬರು ಬಂದು “ಮ್ಯಾನೇಜರ್ ಇಲ್ವಾ?” ಅಂತ ನಿಮ್ಮನ್ನೇ ಕೇಳಿದರೆ, ಇಲ್ಲ ಅನ್ನುವುದೂ ಸುಳ್ಳು, ಇದ್ದಾರೆ ಅನ್ನುವುದೂ ಸುಳ್ಳು. ಆದರೂ ಹೇಳಿಬಿಡುತ್ತೇನೆ, ನನಗೆ ಆ ಕೆಲಸ ಬೇಕಾಗಿತ್ತು. ನನಗಿಂತ ಆಮೇಲೆ ಬಂದವರ ಕೈಕೆಳಗೆ ಸಾಕಾಗುವಷ್ಟು ವರ್ಷ ದುಡಿದಿದ್ದೆ. ಆ ಬಾಗಿಲಿನ ಮೇಲೆ ನನ್ನ ಹೆಸರು ಬಂದರೆ ಹೇಗಿರುತ್ತದೆ ಎಂದು ಪಾತ್ರೆ ತೊಳೆಯುವಾಗಲೂ ಯೋಚಿಸುತ್ತಿದ್ದೆ.

ನನಗೆ ಎದುರಾಳಿ ಅಂತ ಇದ್ದವನು ಒಬ್ಬನೇ, ಚಿಂತಾಮಣಿ ಕಡೆಯ ಹುಡುಗ. ಒಳ್ಳೆಯವನು, ಅದೇ ತೊಂದರೆ. ಡಿಪ್ಲೊಮಾ ಮುಗಿಸಿ ಬಂದಾಗ ಅವನಿಗೆ ಕಾಲರ್ ಯಾವುದು, ಕಫ್ ಯಾವುದು ಅಂತ ತೋರಿಸಿಕೊಟ್ಟವಳು ನಾನು. ಬಾಯಿ ತುಂಬ ಅಕ್ಕ ಅನ್ನುತ್ತಿದ್ದ. ಏನು ಕೇಳಬೇಕಾದರೂ ಅಕ್ಕನನ್ನೇ ಕೇಳುತ್ತಿದ್ದ. ಉತ್ತರವನ್ನು ಮಾತ್ರ ಮಾಲೀಕರ ಹತ್ತಿರ ತಾನೇ ಹೋಗಿ ಹೇಳಿ ಬರುತ್ತಿದ್ದ. ಮಾಲೀಕರಿಗೆ ಅವನ ಚುರುಕುತನ ಬಹಳ ಹಿಡಿಸಿತ್ತು.

ಆ ಮಳೆಗಾಲವೆಲ್ಲ ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ಶಿಪ್‌ಮೆಂಟೂ ತಪ್ಪಲಿಲ್ಲ, ಲೈನಿನಲ್ಲಿ ಕೂಗಾಟ ಕಡಿಮೆಯಾಯಿತು, ಬಾತ್‌ರೂಮಿಗೆ ಹೋಗಲು ಕೈ ಎತ್ತಿ ಕಾಯುವುದು ತಪ್ಪಿತು. ಮಾಲೀಕರು ಬಂದಾಗಲೆಲ್ಲ “ವೆರಿ ಗುಡ್ ಮೇಡಂ” ಅನ್ನುತ್ತಿದ್ದರು. ಕೆಲಸ ನನಗೇ ಸಿಗುತ್ತದೆ ಅಂತ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಅಷ್ಟರಲ್ಲಿ ಆಯುಧಪೂಜೆ ಬಂತು.

ಪೂಜೆಯ ಸಿದ್ಧತೆಗೆ ಮೀಟಿಂಗ್ ಸೇರಿದೆವು. ಹೂವು, ಬಾಳೆಕಂದು, ಪುರಿ, ಸ್ವೀಟ್ ಪೊಟ್ಟಣ ಎಲ್ಲ ಆಯಿತು. ಆಮೇಲೆ ಕಟಿಂಗ್ ಮಾಸ್ಟರ್ ಗಂಟಲು ಸರಿಮಾಡಿಕೊಂಡು, “ಅಲ್ಲಾ, ಬೂದುಗುಂಬಳಕಾಯಿ ಒಡೆಯೋರು ಯಾರು?” ಅಂದ. ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡಿ, ಆಮೇಲೆ ಮೇಜು ನೋಡಿದರು.

ವಿಷಯ ಇಷ್ಟೇ. ಪೂಜೆಯಾದ ಮೇಲೆ ಬೂದುಗುಂಬಳಕಾಯಿಗೆ ತೂತು ಮಾಡಿ, ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಮೆಷೀನುಗಳಿಗೆಲ್ಲ ನಿವಾಳಿಸಿ, ಬಾಗಿಲ ಮುಂದೆ ನೆಲಕ್ಕೆ ಕುಕ್ಕಿ ಒಡೆಯಬೇಕು. ನಮ್ಮ ಕಾರ್ಖಾನೆಯಲ್ಲಿ ಅದನ್ನು ಒಡೆಯುವವನು ಮ್ಯಾನೇಜರ್. ಮಾಲೀಕರಿಗೆ ಬೆನ್ನು ನೋವು, ಬೆಲ್ಟ್ ಕಟ್ಟಿಕೊಂಡೇ ಓಡಾಡುತ್ತಾರೆ, ಅವರು ಒಡೆದದ್ದು ಯಾರೂ ನೋಡಿಲ್ಲ. ಆದರೆ ಹೆಂಗಸು ಕುಂಬಳಕಾಯಿ ಒಡೆಯಬಾರದು. ಒಡೆದರೆ ಮಕ್ಕಳಿಗೆ ಆಗಿಬರುವುದಿಲ್ಲ. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು.

ನನಗೂ ಗೊತ್ತು. ನಗಬೇಡಿ, ನಮ್ಮ ಮನೆಯಲ್ಲೂ ಅಷ್ಟೇ. ಹುಳಿಗೆ ಅಂತ ಇಡೀ ಕುಂಬಳಕಾಯಿ ತಂದರೆ ಮೊದಲ ಗೀರು ಗಂಡಸಿನ ಕೈಯಿಂದಲೇ ಬೀಳಬೇಕು. ನನ್ನ ಗಂಡ ಮನೆಯಲ್ಲಿದ್ದರೆ, “ಏನು ಅಮ್ಮಾವ್ರೇ, ನನ್ನ ನೆನಪಾಯ್ತಾ?” ಅಂತ ರೇಗಿಸಿಕೊಂಡು ಬಂದು ಒಂದು ಗೀರು ಹಾಕಿ ಹೋಗುತ್ತಾರೆ. ಅವರಿಲ್ಲದ ದಿನ ಬೇಳೆ ಬೆಂದು, ಒಗ್ಗರಣೆ ಸಿದ್ಧವಾಗಿ, ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತು ಗಂಡಸಿಗಾಗಿ ಕಾದಿದ್ದೇನೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನ ಕೈಗೆ ಚಾಕು ಕೊಟ್ಟು “ಒಂದು ಗೀರು ಹಾಕ್ಕೊಡಪ್ಪಾ” ಅಂದಾಗ ಅವನು ಪಾಪ ಹೆದರಿಹೋದ. ಆ ಗೀರು ಬಿದ್ದ ಮೇಲೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು ಎಲ್ಲ ನಮ್ಮದೇ. ಕಾರ್ಖಾನೆಯೂ ಹಾಗೇ ನಡೆಯುತ್ತಿತ್ತು, ಗೀರು ಅವರದು, ಹುಳಿ ನಮ್ಮದು. ನನಗೆ ಅದು ಹೊಳೆದದ್ದು ಆ ಮೀಟಿಂಗಿನಲ್ಲೇ.

ಸ್ಟೋರ್ ನೋಡಿಕೊಳ್ಳುವವನು ಬಹಳ ಕಾಳಜಿಯಿಂದ, “ನಮ್ಗೇನಿಲ್ಲ ಮೇಡಂ, ನೀವೇ ಒಡೀಬಹುದು. ಆದ್ರೆ ನಿಮ್ಗೇ ಕೆಡುಕು ಅಂತ” ಅಂದ. ನಮ್ಮಲ್ಲಿ ಹೆಂಗಸರಿಗೆ ಏನನ್ನಾದರೂ ತಪ್ಪಿಸುವಾಗ ಅದು ಯಾವಾಗಲೂ ಅವರ ಒಳ್ಳೆಯದಕ್ಕೇ ಇರುತ್ತದೆ. ಕೊನೆಗೆ ಚಿಂತಾಮಣಿ ಹುಡುಗ ಒಡೆಯಲಿ ಎಂದಾಯಿತು. ಮಾಲೀಕರು ಫೋನಿನಲ್ಲಿ ಒಪ್ಪಿಗೆ ಕೊಟ್ಟು, “ಸರಿಯಾಯ್ತು, ಹೆಂಗೂ ನಾಳೆ ದಿನ ಅವನೇ ತಾನೇ ಇದನ್ನೆಲ್ಲ ನಡೆಸ್ಕೊಂಡು ಹೋಗ್ಬೇಕು” ಅಂದರಂತೆ. ಆ ಮಾತು ಸಂಜೆಯೊಳಗೆ ಮುನ್ನೂರು ಜನರ ಕಿವಿ ಮುಟ್ಟಿತು. ಯಾರು ಕಾಯಿ ಒಡೆಯುತ್ತಾನೋ ಅವನೇ ಮ್ಯಾನೇಜರ್ ಅಂತ ಆಗಿಹೋಯಿತು.

ಊಟದ ಹೊತ್ತಿನಲ್ಲಿ ನಮ್ಮ ಹೆಂಗಸರಾದರೂ ನನ್ನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ನಿಂತರು, ಬಹಳ ಕರುಣೆಯಿಂದ ನಿಂತರು. “ಬೇಡಮ್ಮ, ಹೋಗ್ಲಿ ಬಿಡು, ಕೆಲ್ಸಕ್ಕೋಸ್ಕರ ಅಂಥದ್ದೆಲ್ಲ ಮಾಡ್ಬಾರ್ದು” ಅಂದರು. ದೊಡ್ಡಮ್ಮ ಒಬ್ಬಳೇ ಏನೂ ಹೇಳದೆ ಮುದ್ದೆ ಮುರಿಯುತ್ತ ಕೂತಿದ್ದಳು. ಅವಳಿಗೆ ನನ್ನ ಮೇಲೆ ತುಂಬ ಪ್ರೀತಿ. ಹೆಲ್ಪರಾಗಿ ಸೇರಿದ ದಿನ ಅಳುತ್ತ ಕೂತಿದ್ದವಳಿಗೆ ತನ್ನ ಡಬ್ಬಿಯ ಅನ್ನ ಕೊಟ್ಟವಳು ಅವಳೇ. ಈ ಕೆಲಸ ನನಗೆ ಸಿಗಬೇಕು ಅಂತ ನನಗಿಂತ ಹೆಚ್ಚಾಗಿ ಅವಳಿಗೇ ಆಸೆಯಿತ್ತು.

ಪೂಜೆಯ ಬೆಳಿಗ್ಗೆ ಕಾರ್ಖಾನೆ ಚೆನ್ನಾಗಿ ಕಾಣುತ್ತಿತ್ತು. ಮೆಷೀನುಗಳಿಗೆಲ್ಲ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಹೆಂಗಸರು ರೇಷ್ಮೆ ಸೀರೆಯುಟ್ಟು, ದಿನವೂ ಬೆನ್ನು ಬಗ್ಗಿಸಿ ಕೂರುವ ಜಾಗದಲ್ಲಿ ಅತಿಥಿಗಳ ಹಾಗೆ ನಿಂತಿದ್ದರು. ಮಾಲೀಕರು ಬಂದರು, ಪುರೋಹಿತರು ಮಂತ್ರ ಮುಗಿಸಿದರು, ಮಂಗಳಾರತಿಯಾಯಿತು. ಪುರೋಹಿತರು ಕಾಯಿಯ ಮೇಲೆ ಕರ್ಪೂರ ಇಟ್ಟು, “ಯಾರಪ್ಪಾ ಒಡೆಯೋರು, ಬನ್ನಿ, ರಾಹುಕಾಲ ಹತ್ರ ಬಂತು” ಅಂದರು. ಎಲ್ಲರೂ ಚಿಂತಾಮಣಿ ಹುಡುಗನ ಕಡೆ ತಿರುಗಿದರು.

ಅವನು ಹೊಸ ಬಿಳಿ ಶರಟು ಹಾಕಿಕೊಂಡು ಬಂದಿದ್ದ, ಆದರೆ ಮುಖ ಬಿಳಿಚಿಕೊಂಡಿತ್ತು. ಮಾಲೀಕರ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಮಾಲೀಕರಿಗೆ ಕಿವಿ ಸ್ವಲ್ಪ ಮಂದ. “ಏನು?” ಅಂದರು. ಅವನು ಇನ್ನೊಂದು ಸಲ, ಮುನ್ನೂರು ಜನಕ್ಕೂ ಕೇಳಿಸುವ ಹಾಗೆ ಹೇಳಬೇಕಾಯಿತು. “ಮನೆಯವಳು ಬಸುರಿ ಸಾರ್, ಐದು ತಿಂಗಳು. ನಾನು ಒಡೀಬಾರ್ದಂತೆ. ನಮ್ಮಮ್ಮ ನೆನ್ನೆ ರಾತ್ರಿ ಫೋನ್ ಮಾಡಿ ಆಣೆ ಹಾಕಿಸ್ಕೊಂಡುಬಿಟ್ರು.”

ಅದೂ ನಿಜವೇ. ಹೆಂಡತಿ ಬಸುರಿಯಿದ್ದಾಗ ಗಂಡ ಕಾಯಿ ಒಡೆಯಬಾರದು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಮೀಟಿಂಗಿನಲ್ಲಿ ಯಾರಿಗೂ ನೆನಪಾಗಲಿಲ್ಲ, ಯಾಕೆಂದರೆ ಅವತ್ತು ನನಗೆ ಏನೇನು ಆಗಬಾರದು ಅನ್ನುವುದನ್ನೇ ಎಲ್ಲರೂ ಯೋಚಿಸುತ್ತಿದ್ದರು.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕಾರ್ಖಾನೆಯಲ್ಲಿದ್ದ ಗಂಡಸರನ್ನು ಒಬ್ಬೊಬ್ಬರನ್ನಾಗಿ ಕರೆದರು. ಕಟಿಂಗ್ ಮಾಸ್ಟರಿನ ತಂದೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ಸ್ಟೋರಿನವನಿಗೆ ಮದುವೆ ಗೊತ್ತಾಗಿತ್ತು, ಲಗ್ನ ಮುಗಿಯುವವರೆಗೆ ಇಂಥದ್ದಕ್ಕೆ ಕೈ ಹಾಕಬೇಡ ಅಂದಿದ್ದರಂತೆ. ಸೆಕ್ಯುರಿಟಿಯವನ ಅಣ್ಣನ ಮನೆಯಲ್ಲಿ ಹೆರಿಗೆಯಾಗಿ ಪುರುಡು. ವ್ಯಾನ್ ಡ್ರೈವರುಗಳು ತಮ್ಮ ತಮ್ಮ ವ್ಯಾನಿನ ಪೂಜೆಗೆ ಹೊರಟುಹೋಗಿದ್ದರು. ಪುರೋಹಿತರು ಅದು ಯಜಮಾನರ ಕೆಲಸ, ನನ್ನದಲ್ಲ ಅಂದರು. ಉಳಿದವರು ಶಿಡ್ಲಘಟ್ಟದ ಮೆಕ್ಯಾನಿಕ್ ಸಾಬರು. ಮನೆಯವರೆಲ್ಲ ರೇಷ್ಮೆ ಕೆಲಸದಲ್ಲಿದ್ದರೂ ಇವರು ಮೆಷೀನು ಹಿಡಿದಿದ್ದರು. “ಒಂದು ಕಾಯಿ ತಾನೇ ಸಾರ್, ಕೊಡಿ ಇತ್ಲಾಗೆ, ಒಡೆದ್ಬಿಡ್ತೀನಿ” ಅಂತ ಅವರು ತೋಳು ಮಡಿಸಿದರು. ಆ ಗುಂಪಿನಲ್ಲಿ ಬುದ್ಧಿ ನೆಟ್ಟಗಿದ್ದವರು ಅವರೊಬ್ಬರೇ. ಮಾಲೀಕರು ಕೆಮ್ಮಿ, “ಬೇಡ ಬೇಡ, ನಿಮಗೆ ಯಾಕೆ ತೊಂದರೆ” ಅಂದರು. ಅವರಿಗೆ ಅರ್ಥವಾಯಿತು, ತೋಳು ಇಳಿಸಿಕೊಂಡರು.

ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ನಗು ಬರುತ್ತಿತ್ತು. ಸುಳ್ಳು ಯಾಕೆ, ಖುಷಿಯೂ ಆಗುತ್ತಿತ್ತು. ಹೆಂಗಸರಿಗೆ ತಿಂಗಳಲ್ಲಿ ಇಷ್ಟು ದಿನ ಆಗುವುದಿಲ್ಲ, ಬಸುರಿಯಾದರೆ ಆಗುವುದಿಲ್ಲ, ಬಾಣಂತಿಯಾದರೆ ಆಗುವುದಿಲ್ಲ, ಅದಕ್ಕೇ ಅವರನ್ನು ಮೇಲಿನ ಕೆಲಸಕ್ಕೆ ಹಾಕುವುದು ಕಷ್ಟ ಎಂದು ಇದೇ ಗಂಡಸರು ಹೇಳುತ್ತಿದ್ದರು. ಈಗ ಅಷ್ಟೂ ಜನ ಗಂಡಸರು ಒಂದೇ ದಿನ ಒಂದೊಂದು ಕಾರಣಕ್ಕೆ ಮೂಲೆ ಹಿಡಿದಿದ್ದರು.

ಆಗ ದೊಡ್ಡಮ್ಮ ಹೆಂಗಸರ ಸಾಲಿನಿಂದ ಮುಂದೆ ಬಂದಳು. ಅವಳ ಮುಖದಲ್ಲಿ ಏನೋ ಗೆದ್ದ ಸಂತೋಷವಿತ್ತು. ಕೈಮುಗಿದು, “ಸ್ವಾಮೀ, ನಮ್ಮ ಮೇಡಮ್ಮೇ ಒಡೀಲಿ ಸ್ವಾಮಿ. ಆಯಮ್ಮನಿಗೆ ಇರೋದು ಒಬ್ಳೇ ಮಗಳು. ಗಂಡುಮಕ್ಕಳಿಲ್ವಲ್ಲ, ಇನ್ನೇನಾಗ್ತದೆ?” ಅಂದಳು.

ಪುರೋಹಿತರು ಒಂದು ಕ್ಷಣ ಯೋಚಿಸಿ ತಲೆಯಾಡಿಸಿದರು. “ಗಂಡುಸಂತಾನ ಇಲ್ಲ ಅಂದ್ರೆ ದೋಷ ಅಷ್ಟಾಗಿ ಬರಲ್ಲ, ಒಡೀಬಹುದು” ಅಂದರು. ಗುಂಪಿನಲ್ಲಿ ಎಲ್ಲರ ಉಸಿರು ಹಗುರವಾದದ್ದು ನನಗೆ ಕೇಳಿಸಿತು. ಮಾಲೀಕರ ಮುಖ ಅರಳಿತು. “ನೋಡಿದ್ರಾ, ಎಲ್ಲದಕ್ಕೂ ಒಂದು ದಾರಿ ಇರುತ್ತೆ. ಬನ್ನಿ ಮೇಡಂ. ಕಾಯಿ ಒಡೆಯೋರೇ ಮ್ಯಾನೇಜರ್ ಅಂತ ನಮ್ಮ ಜನಾನೇ ಹೇಳ್ತಾರೆ, ನಾನೂ ಇಲ್ಲ ಅನ್ನಲ್ಲ. ಒಡೆದ್ಬಿಡಿ” ಅಂದರು.

ಹೀಗೆ ನನ್ನ ಅರ್ಹತೆ ಸಿಕ್ಕಿತು. ಅಷ್ಟು ವರ್ಷ ಹೊಲಿದದ್ದು, ಒಂದು ಶಿಪ್‌ಮೆಂಟೂ ತಪ್ಪಿಸದೆ ಕಳಿಸಿದ್ದು, ತರಬೇತಿಯಲ್ಲಿ ಗದ್ದ ಎತ್ತಿ ನಿಂತದ್ದು ಯಾವುದೂ ಲೆಕ್ಕಕ್ಕೆ ಬಾರದಿದ್ದಾಗ, ನನಗೆ ಗಂಡುಮಗ ಇಲ್ಲ ಅನ್ನುವುದು ಕೆಲಸಕ್ಕೆ ಬಂತು. ಪುರೋಹಿತರು ಕಾಯಿ ತಂದು ನನ್ನ ಕೈಯಲ್ಲಿಟ್ಟರು. ಕರ್ಪೂರ ಇನ್ನೂ ಹಚ್ಚಿರಲಿಲ್ಲ. ಒಂದು ಸಲ ಎತ್ತಿ ಕುಕ್ಕಿದರೆ ಬಾಗಿಲಿನ ಮೇಲೆ ನನ್ನ ಹೆಸರು. ಮುನ್ನೂರು ಜನ ನನ್ನನ್ನೇ ನೋಡುತ್ತಿದ್ದರು, ದೊಡ್ಡಮ್ಮನ ಕಣ್ಣಲ್ಲಿ ನೀರಿತ್ತು.

ನನ್ನ ಮಗಳು ಆಗ ಪಿಯುಸಿಯಲ್ಲಿದ್ದಳು. ಬೆಳಿಗ್ಗೆ ನಾನು ಸೀರೆಯ ನೆರಿಗೆ ಹಿಡಿಯುವಾಗ ಕೆಳಗೆ ಕೂತು ಸರಿ ಮಾಡಿ, ಮ್ಯಾನೇಜರ್ ಥರ ಕಾಣ್ತಿದ್ದೀಯ ಕಣಮ್ಮ ಅಂದಿದ್ದಳು. ಕಾಯಿ ಒಡೆದರೆ ಅವಳಿಗೆ ಏನಾದರೂ ಆಗುತ್ತದೆ ಅಂತ ನಾನು ನಂಬಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ. ಆದರೆ ಅಲ್ಲಿ ನಿಂತಿದ್ದವರೆಲ್ಲ ನಂಬಿದ್ದರು. ಒಡೆದರೆ ಮಕ್ಕಳಿಗೆ ಕೆಡುಕು ಅಂತ ನಂಬಿದವರೇ, ಈ ಮಗುವಿಗೆ ಆದರೆ ಅಡ್ಡಿಯಿಲ್ಲ ಅಂದುಕೊಂಡು ನಿರಾಳವಾಗಿದ್ದರು. ನನಗೆ ಅಂಥ ಸಿಟ್ಟು ಹಿಂದೆ ಎಂದೂ ಬಂದಿರಲಿಲ್ಲ.

“ಕೆಡುಕು ಅನ್ನೋದು ಇದ್ರೆ ಅದು ನನ್ನ ಮಗಳಿಗೂ ತಟ್ಟಬೇಕು ಸಾರ್” ಅಂದೆ. “ಇಲ್ಲ ಅಂದ್ರೆ ಗಂಡುಮಕ್ಕಳಿರೋರೂ ಒಡೀಬಹುದು. ಯಾವುದು ಅಂತ ಮೊದ್ಲು ತೀರ್ಮಾನ ಮಾಡಿ. ಆಮೇಲೆ ಒಡೀತೀನಿ.”

ಪುರೋಹಿತರು ಗಡಿಯಾರ ನೋಡಿಕೊಂಡರು. ಮಾಲೀಕರು, “ಇದು ವಾದ ಮಾಡೋ ಹೊತ್ತೇನಮ್ಮ?” ಅಂದರು. ಮೇಡಂ ಹೋಗಿ ಅಮ್ಮ ಆಗಿದ್ದೆ. ನಾನು ಕಾಯಿಯನ್ನು ಅವರ ಮುಂದೆ ನೆಲದ ಮೇಲೆ ಮೆಲ್ಲಗೆ ಇಟ್ಟು ಹಿಂದೆ ಸರಿದೆ. ಕೊನೆಗೆ ಮಾಲೀಕರೇ ಬೆಲ್ಟ್ ಬಿಗಿ ಮಾಡಿಕೊಂಡು, ಮೆಕ್ಯಾನಿಕ್ಕಿನ ಭುಜ ಹಿಡಿದುಕೊಂಡು, ಅರ್ಧ ಬಗ್ಗಿ ಕಾಯಿ ಕುಕ್ಕಿದರು. ಅದು ಒಡೆಯದೆ ಗೇಟಿನವರೆಗೆ ಉರುಳಿಕೊಂಡು ಹೋಯಿತು. ತಂದು ಮತ್ತೆ ಕುಕ್ಕಬೇಕಾಯಿತು. ಅಷ್ಟರಲ್ಲಿ ರಾಹುಕಾಲ ಶುರುವಾಗಿತ್ತು ಅಂತ ಕೆಲವರು, ಇಲ್ಲ ಅಂತ ಕೆಲವರು ಆಮೇಲೆ ಬಹಳ ದಿನ ಚರ್ಚೆ ಮಾಡಿದರು.

ದೊಡ್ಡಮ್ಮ ಅವತ್ತು ಸ್ವೀಟ್ ಪೊಟ್ಟಣ ತೆಗೆದುಕೊಳ್ಳದೆ ವ್ಯಾನ್ ಹತ್ತಿದಳು. ಮಾರನೆಯ ದಿನ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು, “ನಿನ್ಗೆ ಒಳ್ಳೇದಾಗ್ಲಿ ಅಂತಾನೇ ಅಂದೆ ಕಣಮ್ಮಾ” ಅಂದಳು. ಗೊತ್ತು ಅಂದೆ. ಗೊತ್ತಿದ್ದದ್ದಕ್ಕೇ ಹೆಚ್ಚು ನೋವಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ದಸರಾ ಮುಗಿದ ವಾರದಲ್ಲಿ ತೀರ್ಮಾನ ಬಂತು. ಮ್ಯಾನೇಜರ್ ಚಿಂತಾಮಣಿ ಹುಡುಗನೇ. ಆದರೆ ಹೆಂಡತಿಗೆ ಮೊದಲನೇ ಹೆರಿಗೆ, ಓಡಾಟ ಇರುತ್ತದೆ, ಅವನ ಮೇಲೆ ಈಗಲೇ ಭಾರ ಹಾಕುವುದು ಬೇಡ. ಹೆರಿಗೆಯಾದ ಮೇಲೆ ಕುರ್ಚಿಯಲ್ಲಿ ಕೂರಲಿ, ಅಲ್ಲಿಯವರೆಗೆ ಮೇಡಮ್ಮೇ ಇನ್‌ಚಾರ್ಜ್ ನೋಡಿಕೊಳ್ಳುತ್ತಾರೆ. ನಾನು ಬಸುರಿಯಾಗಿದ್ದಾಗಲೂ ನನಗೆ ಬರಬೇಕಿದ್ದ ಸೂಪರ್‌ವೈಸರ್ ಕೆಲಸ ಹೀಗೇ, ನಿಮಗೆ ಆಯಾಸವಾಗುತ್ತದೆ ಅನ್ನುವ ಕರುಣೆಯಿಂದ ಇನ್ನೊಬ್ಬನಿಗೆ ಹೋಗಿತ್ತು. ನನ್ನ ಬಸುರಿಗೆ ಕೆಲಸ ಕಾಯಲಿಲ್ಲ. ಅವನ ಹೆಂಡತಿಯ ಬಸುರಿಗೆ ಕುರ್ಚಿ ಗೌರವದಿಂದ ಕಾಯಿತು, ಅದರ ಧೂಳು ಒರೆಸುತ್ತ ನಾನು ಕಾದೆ. ಬಿಟ್ಟು ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಗಳ ಕಾಲೇಜು ಫೀಸನ್ನು ಸಿಟ್ಟು ಕಟ್ಟುವುದಿಲ್ಲ.

ಶಿವರಾತ್ರಿಯ ಹೊತ್ತಿಗೆ ಹೆರಿಗೆಯಾಯಿತು. ಎರಡು ದಿನ ಬಿಟ್ಟು ಅವನು ಪೇಡದ ಡಬ್ಬಿ ಹಿಡಿದುಕೊಂಡು ನೇರವಾಗಿ ನನ್ನ ಹತ್ತಿರ ಬಂದ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು, ಮುಖದ ತುಂಬ ನಗುವಿತ್ತು.

“ಹೆಣ್ಣು ಮಗು ಅಕ್ಕ” ಅಂದ. “ನನ್ನ ಬೆರಳು ಹಿಡ್ಕೊಂಡ್ರೆ ಬಿಡೋದೇ ಇಲ್ಲ.”

ನಾನು ಒಂದು ಪೇಡ ತೆಗೆದುಕೊಂಡೆ. ಒಳ್ಳೆಯ ಮಾತು ಆಡಬೇಕು ಅಂತಲೇ ಬಾಯಿ ತೆರೆದೆ. ಆದರೆ ತಿಂಗಳುಗಳಿಂದ ಒಳಗೆ ಕೂತಿದ್ದದ್ದು ಹೊರಗೆ ಬಂತು.

“ಒಳ್ಳೇದಾಯ್ತು ಬಿಡಪ್ಪ. ಇನ್ಮೇಲೆ ಆಯುಧಪೂಜೆಗೆ ಯೋಚ್ನೆಯಿಲ್ಲ. ನಿನ್ಗೆ ಆಗ್ಲಿಲ್ಲ ಅಂದ್ರೆ ನಿನ್ ಹೆಂಡ್ತೀನ ಕಳ್ಸು, ಕುಂಬಳಕಾಯಿ ಒಡೀಲಿ. ಇರೋದು ಹೆಣ್ಣು ತಾನೇ, ಇನ್ನೇನಾಗ್ತದೆ?”

ಅವನ ನಗು ಹೋಯಿತು. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ, ಒಳಗಿರುವುದಕ್ಕೆ ಯಾರೋ ಕೈ ಹಾಕುತ್ತಾರೆ ಅನ್ನುವ ಹಾಗೆ.

“ಹಂಗೆಲ್ಲ ಅನ್ಬೇಡಿ ಅಕ್ಕ” ಅಂದ. “ಮಗು ಕಣಕ್ಕ ಅದು.”

“ನಂದೂ ಮಗೂನೇ ಕಣಪ್ಪ” ಅಂದೆ.